ಡಬ್ಬಿ ಕಟ್ಟಿಕೊಟ್ಟವಳು

ಆ ಭಾನುವಾರ ಮಧ್ಯಾಹ್ನ ರಾಮನಗರದ ನಮ್ಮ ಮನೆಯ ಜಗಲಿ ಮೇಲೆ ನಾವು ನಾಲ್ಕು ಜನ ಇದ್ದೆವು. ಬಾಗಿಲಿಗೆ ಒರಗಿ ಕಾಲು ಚಾಚಿಕೊಂಡಿದ್ದ ನಮ್ಮತ್ತೆ. ಪ್ಲಾಸ್ಟಿಕ್ ಕುರ್ಚಿಯಲ್ಲಿ ನಮ್ಮ ಯಜಮಾನರು, ಬಸ್ ಕಂಡಕ್ಟರ್ ಕೆಲಸದಿಂದ ನಿವೃತ್ತರಾಗಿ ವರ್ಷ ಕಳೆದರೂ ಮಾತಿನಲ್ಲಿ ಇನ್ನೂ ಟಿಕೆಟ್ ಹರಿಯುವವರು. ಕೈಯಲ್ಲಿ ಹಾಳೆಗಳ ಕಟ್ಟು ಹಿಡಿದ ನಾನು. ಮತ್ತೆ, ಹಿಂದಿನ ಮನೆಗೆ ನಾಲ್ಕು ತಿಂಗಳ ಕೆಳಗೆ ಬಾಡಿಗೆಗೆ ಬಂದಿದ್ದ ಹೆಂಗಸು. ಆಕೆ ಫಿಲೇಚರಿನಲ್ಲಿ ರೇಷ್ಮೆಗೂಡು ಬೇಯಿಸಿ ನೂಲು ತೆಗೆಯುವ ಕೆಲಸದವಳು. ನಡುವೆ ದೊಡ್ಡ ಪಾತ್ರೆಯ ತುಂಬ ನೆನೆದ ಅವರೆಕಾಳು. ಹಿಚುಕಿದ ಬೇಳೆ ಸಾರು ಬೇಕೇ ಬೇಕು ಅಂತ ಅತ್ತೆ ಹಠ ಹಿಡಿದಿದ್ದರು. ಹಿಚುಕುವವರಿಗೆ ಬೇಸರ ಆಗದಿರಲಿ ಎಂದು ನಾನು ನನ್ನ ಹೊಸ ಕಾದಂಬರಿ ಓದುತ್ತಿದ್ದೆ.

ನಾನು ಪತ್ತೇದಾರಿ ಕಾದಂಬರಿ ಬರೆಯುವವಳು. ಬರೆದದ್ದನ್ನು ಮೊದಲು ಅತ್ತೆಯ ಕಿವಿಗೆ ಹಾಕುವುದು ರೂಢಿ. ಅಕ್ಷರ ಬಾರದ ಅವರ ಬಾಯಿಂದಲೇ ನಾನು ಮಾತು ಕಲಿತದ್ದು. ಎಲ್ಲಿ ಮಾತು ಜಾಳಾಯಿತೋ ಅಲ್ಲಿ ಅವರು ಆಕಳಿಸುತ್ತಾರೆ. ಆ ಪುಟ ಹರಿದು ಹಾಕಿದರಾಯಿತು.

ಈ ಸಲ ನನಗೆ ಒಂದು ಜಂಬವಿತ್ತು. ಇಂಥ ಪುಸ್ತಕಗಳಲ್ಲಿ ಮೊದಲ ಪುಟಕ್ಕೇ ಹೆಣ ಬೀಳುತ್ತದೆ. ಅದು ಯಾರ ಮನೆ ಮಗಳು ಅಂತ ಆಮೇಲೆ ಕೇಳುವವರಿಲ್ಲ. ಕೊನೆವರೆಗೂ ಕೊಂದವನ ಹಿಂದೆಯೇ ಓಟ. ನಾನೇ ಬರೆದ ಅಷ್ಟೂ ಪುಸ್ತಕಗಳು ಹಾಗೆಯೇ. ಈ ಸಲ ಸತ್ತವಳ ಕಡೆಯಿಂದ ಬರೆಯುತ್ತೇನೆ ಅಂತ ಹೊರಟಿದ್ದೆ. ಎಳೆ ಸಿಕ್ಕಿದ್ದು ಹಳೆಯ ಪೇಪರಿನಲ್ಲಿ: ಕನಕಪುರದ ಕಡೆಯ ಒಬ್ಬ ಹುಡುಗಿ, ಕೆಲಸಕ್ಕೆ ಹೊರಟವಳು, ಹೊಲದ ಬದುವಿನಲ್ಲಿ ಕೊಲೆಯಾಗಿ ಬಿದ್ದಿದ್ದಳು. ನಾನು ಊರನ್ನು ಮಾಗಡಿ ಕಡೆಗೆ ಬದಲಾಯಿಸಿದೆ, ಹೆಸರು, ವಯಸ್ಸು ಬದಲಾಯಿಸಿದೆ. ಓದುವವರ ಕರುಳು ಚುರುಕ್ ಅನ್ನಲಿ ಅಂತ ಅವಳಿಗೊಂದು ಪ್ರೀತಿಯನ್ನೂ ಕೊಟ್ಟೆ. ಕೊಲ್ಲುವವನನ್ನೇ ನಂಬಿ, ಅವನ ಬೈಕ್ ಹತ್ತಿ ನಗುನಗುತ್ತ ಹೋಗುತ್ತಾಳೆ. ಅವಳ ಬೆರಳು ರೇಷ್ಮೆಯಂತಿದ್ದವು ಅಂತಲೂ ಬರೆದೆ. ಪೇಪರಿನಲ್ಲಿದ್ದ ಒಂದೇ ಒಂದು ಸಂಗತಿಯನ್ನು ಮಾತ್ರ ಬಿಡಲು ಮನಸ್ಸಾಗಲಿಲ್ಲ: ಹೆಣದ ಪಕ್ಕದಲ್ಲಿ, ಟವೆಲ್ಲಿಗೆ ಎರಡು ಗಂಟು ಹಾಕಿ ಕಟ್ಟಿದ್ದ ಊಟದ ಡಬ್ಬಿ. ಗಂಟು ಬಿಚ್ಚಿರಲಿಲ್ಲ.

ಅರ್ಧ ಓದುವಷ್ಟರಲ್ಲಿ ಯಜಮಾನರು ನಕ್ಕರು. "ಕೊಂದೋನು ಯಾರು ಅಂತ ಮೂರನೇ ಪುಟದಲ್ಲೇ ಹೇಳ್ಬುಟ್ಯಲ್ಲೇ! ಚನ್ನಪಟ್ಣದಲ್ಲಿ ಬಿಡದಿಗೆ ಟಿಕೆಟ್ ತಕಂಡೋರ್ನ ಕೆಂಗಲ್ಲಲ್ಲೇ ಇಳಿಸ್ದಂಗಾಯ್ತು."

"ನೀನ್ ಸುಮ್ಕಿರ್ಲಾ," ಎಂದರು ಅತ್ತೆ. "ಜೀವಮಾನೆಲ್ಲ ರೈಟ್ ರೈಟ್ ಅಂದಿದ್ದೇ ಆಯ್ತು. ಓದಮ್ಮಿ ನೀನು."

ಡಬ್ಬಿಯ ಪುಟ ಓದಿದೆ. ಓದಿ ತಲೆ ಎತ್ತಿದರೆ ಬಾಡಿಗೆಯಾಕೆ ಕಾಳು ಹಿಚುಕುವುದನ್ನು ನಿಲ್ಲಿಸಿದ್ದಳು.

"ಅವ್ಳು ಆ ಗಾಡಿ ಹತ್ತನಿಲ್ಲ ಕಣಕ್ಕ."

ಕಥೆಯಲ್ಲಿ ಮುಳುಗಿಹೋಗಿದ್ದಾಳೆ ಅಂದುಕೊಂಡು ನಾನು, "ಹತ್ತದೆ ಹೋದ್ರೆ ಕತೆ ಹೆಂಗವ್ವಾ ನಡೆಯೋದು?" ಅಂದೆ.

"ಕತೆ ಅಲ್ಲ. ಆ ಡಬ್ಬಿ ಕಟ್ಟಿದ್ದು ನಾನು. ಮುದ್ದೆ, ಉಪ್ಸಾರು. ಸಾರು ಚೆಲ್ತದೆ ಅಂತ ಎರಡು ಗಂಟು ಹಾಕಿದ್ದೆ. ಅವ್ಳು ನನ್ ತಂಗಿ."

ಅತ್ತೆಯ ಕೈ ಪಾತ್ರೆಯೊಳಗೇ ನಿಂತಿತು. ಯಜಮಾನರು ಕುರ್ಚಿಯಿಂದ ಎದ್ದು, ಎಲ್ಲಿಗೆ ಹೋಗುವುದೆಂದು ತಿಳಿಯದೆ ಮತ್ತೆ ಕೂತರು. ತಂಗಿಯೊಬ್ಬಳು ತೀರಿಕೊಂಡಳು ಅಂತ ಆಕೆ ಮನೆ ಕೇಳಲು ಬಂದ ದಿನವೇ ಹೇಳಿದ್ದಳು. ಜ್ವರವೋ ಏನೋ ಇರಬೇಕು ಅಂದುಕೊಂಡಿದ್ದೆ. ಅಷ್ಟು ಕೊಲೆ ಬರೆದವಳು, ಹಿತ್ತಲ ಬಾಗಿಲಲ್ಲಿ ನಿಂತವಳನ್ನು 'ಹೆಂಗೆ ಸತ್ಲು' ಅಂತ ಒಂದು ಮಾತು ಕೇಳಿರಲಿಲ್ಲ.

ಆಕೆ ಎರಡೂ ಕೈ ನನ್ನ ಮುಂದೆ ಹಿಡಿದಳು. ದಿನವಿಡೀ ಬಿಸಿನೀರಿನಲ್ಲಿ ಗೂಡು ತಡಕಿ ಎಳೆ ಹಿಡಿಯುವ ಕೈ. ಬೆರಳ ತುದಿಗಳು ಬೆಳ್ಳಗೆ ನೆನೆದು, ಸುಲಿದು, ಅಲ್ಲಲ್ಲಿ ಸೀಳಿದ್ದವು.

"ರೇಷ್ಮೆ ಬೆರಳು ಅಂದ್ಯಲ್ಲಕ್ಕ. ನಾವಿಬ್ರೂ ಕನಕಪುರದ ಫಿಲೇಚರಲ್ಲಿ ಎದ್ರುಬದ್ರು ಕೂತ್ಕಂಡು ಕೆಲ್ಸ ಮಾಡ್ತಿದ್ದೊ. ಅವತ್ತು ನಂಗೆ ಮೈ ಸರಿ ಇರ್ನಿಲ್ಲ, ಅವ್ಳೊಬ್ಳೇ ಹೋದ್ಲು. ಆಸ್ಪತ್ರೇಲಿ ಮೊಕ ನೋಡ್ಬ್ಯಾಡಿ ಅಂದ್ರು. ಬಟ್ಟೆ ಎತ್ತಿ ಕೈ ತೋರ್ಸಿದ್ರು. ಕೈ ನೋಡಿ ಹೇಳ್ದೆ, ನಮ್ದೇ ಅಂತ."

ಕೈ ಮಡಿಲಿಗೆಳೆದುಕೊಂಡು ಆಕೆ ಮುಂದುವರಿದಳು.

"ಅವ್ಳನ್ನ ಕೊಂದೋನು ಎರಡು ಸಲ ದಾರೀಲಿ ಅಡ್ಡ ಹಾಕಿದ್ದ. ಮೇಸ್ತ್ರಿಗೆ ಹೇಳಿದ್ರೆ ನಕ್ಬುಟ್ಟ. ಅದುಕ್ಕೇ ಅವ್ಳು ಹೊಲದ ಮ್ಯಾಲಾಸಿ ಸುತ್ಕಂಡು ಬಸ್ಸಿಗೆ ಹೋಗೋಳು. ಈಗ ಅವನ ಲಾಯರ್ರು ಏನಂತಾವ್ರೆ ಗೊತ್ತಾ? ಅವ್ಳೇ ಅವನ ಜೊತೇಲಿ ಓಡಾಡ್ತಿದ್ಲು, ಅವತ್ತೂ ತಾನಾಗೇ ಹೋದ್ಲು ಅಂತ. ಊರೋರೂ ಅದ್ನೇ ಅಂದ್ರು. ಕೇಳಕ್ಕಾಗ್ದೆ ಊರು ಬುಟ್ಟು ಬಂದೆ. ಬರೋ ತಿಂಗ್ಳು ಕೋರ್ಟಲ್ಲಿ ನನ್ ಸಾಕ್ಷಿ ಐತೆ. ನೀನೂ ಅದ್ನೇ ಅಚ್ಚು ಹಾಕ್ಸ್ಬುಟ್ರೆ ನನ್ ಮಾತು ಯಾರು ನಂಬ್ತಾರಕ್ಕ?"

ಹೆಸರು ಬದಲಾಯಿಸಿದ್ದೀನಲ್ಲ ಅನ್ನಲು ಬಾಯಿ ತೆರೆದೆ. ಅತ್ತೆ ಬಿಡಲಿಲ್ಲ.

"ಕಂಡೋರ್ ಮನೆ ಮಗೀಗೆ ಮಿಂಡನ್ನ ಕಟ್ಟು ಅಂತ ನಿಂಗ್ಯಾರೇ ಹೇಳ್ದೋರು?" ಅಂದರು. ಮದುವೆಯಾಗಿ ಬಂದ ಮೇಲೆ ಅವರು ನನ್ನನ್ನು ಹಾಗೆ ಅಂದದ್ದು ಅದೊಂದೇ ಸಲ. ಆಮೇಲೆ ಆಕೆಯ ಕಡೆ ತಿರುಗಿ, "ಬಾ ಮಗ, ಒಳೀಕ್ ಬಾ. ಒಸಿ ನೀರ್ ಕುಡಿ," ಎಂದು ಮೊಣಕಾಲು ಹಿಡಿದುಕೊಂಡು ತಾವೇ ಎದ್ದರು.

ಮಾರನೆಯ ದಿನ ಪ್ರಕಾಶಕರಿಗೆ ಫೋನ್ ಮಾಡಿ, ಆ ಪ್ರೀತಿ ಪ್ರೇಮ ಇರುವುದಿಲ್ಲ ಅಂದೆ.

"ಲವ್ ತೆಗೆದ್ಬಿಟ್ರೆ ಮೇಡಂ, ಸುಮ್ನೆ ಒಂದು ಹುಡುಗಿ ಕೆಲಸಕ್ಕೆ ಹೋಗ್ತಾ ಸತ್ತಳು ಅಂತಾಗುತ್ತೆ. ಅದನ್ನ ಯಾರು ಓದ್ತಾರೆ?"

"ನಡೆದದ್ದೇ ಅದು," ಅಂದೆ. ನೋಡೋಣ ಬಿಡಿ ಅಂದರು. ಮತ್ತೆ ಅವರು ಫೋನ್ ಮಾಡಲಿಲ್ಲ. ಬರೆದಿದ್ದಷ್ಟನ್ನೂ ನೀರೊಲೆಗೆ ಹಾಕಿದೆ.

ಆಮೇಲೂ ಆಕೆ ಭಾನುವಾರ ಬಂದು ಕೂರುತ್ತಿದ್ದಳು. ಮೊದಲ ವಾರ ನಾನು ಪೆನ್ನು ತೆಗೆದೆ, ಎದ್ದು ಹೋದಳು. ಮತ್ತೆ ತೆಗೆಯಲಿಲ್ಲ. ತಂಗಿಗೆ ನಾಯಿ ಕಂಡರೆ ಭಯ ಅಂತ ಒಂದು ದಿನ ಹೇಳಿದಳು. ಬಿರಿದ ಬೆರಳಿಗೆ ಖಾರ ತಾಗಿದರೆ ಉರಿ ಅಂತ ಅವಳು ಸಾರನ್ನ ಚಮಚದಲ್ಲಿ ಉಣ್ಣುತ್ತಿದ್ದಳಂತೆ. ಅದಕ್ಕೆ ಫಿಲೇಚರಿನವರೆಲ್ಲ 'ಏನ್ ದೊರೆಸಾನಿ, ಊಟ ಆಯ್ತಾ' ಅಂತ ರೇಗಿಸುತ್ತಿದ್ದರಂತೆ. ಹೇಳುವಾಗ ಆಕೆಗೆ ನಗು ಬಂತು. ಕೆಲವು ವಾರ ನಾಲ್ಕು ಜನ ಸುಮ್ಮನೆ ಕಾಳು ಹಿಚುಕುತ್ತಿದ್ದೆವು.

ಸಾಕ್ಷಿಯ ದಿನ ಅತ್ತೆಯೂ ನಾನೂ ಆಕೆಯ ಜೊತೆ ಆಟೋದಲ್ಲಿ ಇಲ್ಲಿನ ಜಿಲ್ಲಾ ಕೋರ್ಟಿಗೆ ಹೋದೆವು. ಆರೋಪಿ ಇಸ್ತ್ರಿ ಮಾಡಿದ ಅಂಗಿ ತೊಟ್ಟು ಬಂದಿದ್ದ. ನಿಮ್ಮ ತಂಗಿ ಆರೋಪಿಯ ಜೊತೆ ತಾನಾಗಿಯೇ ಹೋಗಿದ್ದಳು ಅಲ್ಲವೇ, ಎಂದು ಅವನ ವಕೀಲರು ಕೇಳಿದರು. ಆಕೆ ಏನೋ ಅಂದಳು. ಕೇಳಿಸಲಿಲ್ಲ, ಜೋರಾಗಿ ಹೇಳಿ, ಎಂದರು ನ್ಯಾಯಾಧೀಶರು.

"ಇಲ್ಲ ಸ್ವಾಮಿ. ಅವ್ಳು ಕೆಲ್ಸಕ್ಕೆ ಹೋದ್ಲು."

ನನ್ನ ತಂಗಿ ತಾನಾಗಿಯೇ ಆರೋಪಿಯ ಜೊತೆ ಹೋಗಿದ್ದಳು ಎಂದರೆ ಸರಿಯಲ್ಲ, ಎಂದು ಅದನ್ನೇ ಕೋರ್ಟಿನ ಮಾತಿನಲ್ಲಿ ಟೈಪು ಮಾಡಿಕೊಂಡರು. ಆಕೆ ಅದರ ಕೆಳಗೆ ಸಹಿ ಹಾಕಿದಳು. ಕೇಸಿಗೆ ಇನ್ನೊಂದು ತಾರೀಕು ಕೊಟ್ಟರು. ಹೊರಗೆ ಬಂದು, ಮಧ್ಯಾಹ್ನದ ಪಾಳಿ ಸಿಗುತ್ತದೆ ಅಂತ ಆಕೆ ಅಲ್ಲಿಂದಲೇ ಫಿಲೇಚರಿಗೆ ನಡೆದುಕೊಂಡು ಹೋದಳು.