ಪುಸ್ತಕದ ಬದಲಿಗೆ ಬ್ಯಾಂಡು

ನಮ್ಮ ವಕೀಲರ ಲೈಬ್ರರಿಯಲ್ಲಿ ಒಂದು ಪದ್ಧತಿ ಇದೆ. ತೀರ್ಪುಗಳ ಸಂಪುಟ ಯಾರು ಒಯ್ದರೂ ಆ ಜಾಗದಲ್ಲಿ ತಮ್ಮ ಕೊರಳಿನ ಬಿಳಿ ಬ್ಯಾಂಡು ಬಿಚ್ಚಿಟ್ಟು ಹೋಗಬೇಕು. ಬ್ಯಾಂಡಿಲ್ಲದೆ ನ್ಯಾಯಾಧೀಶರ ಮುಂದೆ ಬಾಯಿ ತೆರೆಯುವಂತಿಲ್ಲವಲ್ಲ, ಹಾಳೆ ಜೆರಾಕ್ಸ್ ಆದ ಕೂಡಲೇ ಪುಸ್ತಕ ತಾನಾಗಿ ವಾಪಸ್ ಬರುತ್ತದೆ. ಜೇವರ್ಗಿಯಿಂದ ಬಂದ ಹೊಸತರಲ್ಲಿ ಇದನ್ನು ಕೇಳಿ ಬಿದ್ದು ಬಿದ್ದು ನಕ್ಕಿದ್ದೆ. ಎಲ್ಲವೂ ಮೊಬೈಲಿನಲ್ಲೇ ಸಿಗುವಾಗ ಈ ಧೂಳಿನ ಗಂಟು ಯಾರಿಗೆ ಬೇಕು ಮಾರಾಯ್ರೆ!

ಕರಜಗಿಯ ಒಬ್ಬ ಮುದುಕಿ ನನ್ನ ಕಕ್ಷಿದಾರಳು. ನಾನು ಆಕೆಯನ್ನು ಆಯಿ ಎನ್ನುತ್ತಿದ್ದೆ. ಕಬ್ಬು ಕಟಾವಿಗೆ ಬಂದಿತ್ತು, ಕಡಿಯುವವರ ಟೋಳಿಯೂ ಬಂದು ಬಿಡಾರ ಹೂಡಿತ್ತು. ಪಕ್ಕದ ಹೊಲದವನು ಮಾತ್ರ ಗಾಡಿದಾರಿಗೆ ಅಡ್ಡ ಕಂದಕ ತೋಡಿ ಕೂತಿದ್ದ. ಅಂದು ತಾತ್ಕಾಲಿಕ ಆದೇಶ ಸಿಗದಿದ್ದರೆ ಟೋಳಿ ಬೇರೆ ಊರಿಗೆ ಹೊರಡುತ್ತಿತ್ತು, ಕಬ್ಬು ನಿಂತಲ್ಲೇ ಒಣಗುತ್ತಿತ್ತು.

"ಇಂಥ ದಾರಿಯ ಬಗ್ಗೆ ಮೇಲಿನ ಕೋರ್ಟಿನ ತೀರ್ಪು ಇದ್ದರೆ ಊಟದ ನಂತರ ಕೊಡಿ. ಮೊಬೈಲ್ ತೋರಿಸಬೇಡಿ" ಎಂದರು ನ್ಯಾಯಾಧೀಶರು.

ಕೋರ್ಟಿನೊಳಗೆ ನೆಟ್‌ವರ್ಕ್ ಇಲ್ಲ. ನೀರಿನ ಟಾಕಿಯ ಪಕ್ಕದ ಮೆಟ್ಟಿಲ ಮೇಲೆ ನಿಂತು ಹುಡುಕಿದೆ. ಗುಡ್ಡದಷ್ಟು ತೀರ್ಪುಗಳು ಬಂದವು. ಅದರಲ್ಲೊಂದು ನಮಗೆಂದೇ ಹೇಳಿ ಬರೆಸಿದಂತಿತ್ತು. ನನ್ನ ಬಾಯಿ ಮೊದಲೇ ದೊಡ್ಡದು, ಖುಷಿಗೆ ಸಂಪುಟ, ಪುಟ ಎಲ್ಲ ಗಟ್ಟಿಯಾಗಿ ಓದಿಬಿಟ್ಟೆ. ಅಲ್ಲೇ ಚಹಾ ಕುಡಿಯುತ್ತಿದ್ದ ಎದುರು ಪಕ್ಷದ ಹಿರಿಯ ವಕೀಲರು "ಹುಡುಕ್ರಿ ತಂಗಿ, ಹುಡುಕ್ರಿ" ಎನ್ನುತ್ತ ಕಪ್ಪು ಕೆಳಗಿಟ್ಟು ಎದ್ದರು.

ಜೆರಾಕ್ಸ್ ಅಂಗಡಿಗೆ ಓಡಿದರೆ ಕರೆಂಟಿಲ್ಲ. ಲೈಬ್ರರಿಗೆ ಓಡಿದರೆ ಬೇಕಾದ ಸಂಪುಟವೇ ಇಲ್ಲ! ಆ ಸಂದಿಯಲ್ಲಿ ಎಲೆಅಡಿಕೆ ಕಲೆಯ ಬ್ಯಾಂಡೊಂದು ಜೋತಾಡುತ್ತಿತ್ತು. ಅದು ಯಾರದೆಂದು ಇಡೀ ಕೋರ್ಟಿಗೇ ಗೊತ್ತು. ನನಗೆ ಮೈಯೆಲ್ಲ ಉರಿಯಿತು.

ಮಧ್ಯಾಹ್ನ ನಮ್ಮ ಪ್ರಕರಣ ಕೂಗಿದರು. ಹಿರಿಯರು ಜೋರಿನಲ್ಲೇ ಎದ್ದರು. "ಸ್ವಾಮಿ, ಇವ್ರ ಹತ್ರ ಒಂದು ತೀರ್ಪೂ ಇಲ್ರಿ."

"ನಿಮ್ಮ ಬ್ಯಾಂಡ್ ಎಲ್ಲಿ ವಕೀಲರೇ?" ಎಂದರು ನ್ಯಾಯಾಧೀಶರು.

ಹಿರಿಯರ ಕೈ ಕೊರಳಿಗೆ ಹೋಯಿತು. ಮುಖ ಹುಳ್ಳಗಾಯಿತು.

"ಲೈಬ್ರರಿಯಾಗ ಐತ್ರಿ ಸ್ವಾಮಿ" ಎಂದೆ ನಾನು, "ನನಗ ಬೇಕಾದ ಪುಸ್ತಕದ ಜಾಗಾದಾಗ."

ಕೋರ್ಟು ಗೊಳ್ಳೆಂದು ನಕ್ಕಿತು. ನ್ಯಾಯಾಧೀಶರೂ ನಗು ತಡೆದುಕೊಂಡು "ಹಾಗಾದ್ರೆ ಪುಸ್ತಕ ಇಲ್ಲಿ ಕೊಡಿ" ಎಂದರು. ಹಿರಿಯರು ಗೊಣಗುತ್ತ ಚೀಲದಿಂದ ಅದನ್ನು ತೆಗೆದರು, ನಾನು ಪುಟ ಹೇಳಿದೆ. ಸಂಜೆಯೊಳಗೆ ಆದೇಶ ಕೈಗೆ ಬಂತು: ಕಂದಕ ಮುಚ್ಚಬೇಕು, ಗಾಡಿ ಬಿಡಬೇಕು. ಕುಣಿಯುವುದೊಂದು ಬಾಕಿ ನನಗೆ.

ಪುಸ್ತಕ ಮರಳಿ ಇಡಲು ಹೊರಟಾಗ ಆಯಿ ತಡೆದಳು. "ಇದ್ರಾಗಿನ ಕೇಸ್ ಯಾರದ್ರಿ ವಕೀಲವ್ವ?"

"ನಿನ್ನಂಥಾಕಿ ಒಬ್ಬಾಕೀದೇ, ಆಯಿ."

"ಆಕಿ ಗಾಡಿನೂ ಹೋದುವೇನ್ರಿ?"

ಅದನ್ನು ನಾನು ಮೊಬೈಲಿನಲ್ಲೂ ನೋಡಿರಲಿಲ್ಲ, ಪುಸ್ತಕದಲ್ಲೂ ನೋಡಿರಲಿಲ್ಲ. ಬೇಕಾದ ಸಾಲು ಸಿಕ್ಕಮೇಲೆ ಹೆಸರನ್ನು ಯಾರು ಓದುತ್ತಾರೆ? ತೀರ್ಪಿನ ಮೊದಲ ಪುಟ ತೆರೆದೆ. ಆ ಹೆಂಗಸಿನ ಹೆಸರಿನ ಮುಂದೆಯೇ ಇತ್ತು: ಮೃತ, ವಾರಸುದಾರರ ಮೂಲಕ.

"ದಾರಿ ಸಿಕ್ತು, ಆಯಿ. ಆದ್ರ ಅಷ್ಟೊತ್ತಿಗೆ ಆಕಿ ಇರಲಿಲ್ಲ. ಮಕ್ಕಳಿಗೆ ಸಿಕ್ತು."

ಆಯಿ ಆ ಪುಟದ ಮೇಲೆ ಕೈಯಿಟ್ಟಳು. ಆಮೇಲೆ ಸೆರಗು ಸಿಕ್ಕಿಸಿಕೊಂಡಳು.

"ಮೊದಲ್ನೇ ಗಾಡ್ಯಾಗ ನಾನೇ ಕುಂದ್ರತೇನ್ರಿ. ಆಕಿ ಸಲುವಾಗಿನೂ."