ಆಟದಿಂದ ನಾನು ತೆಗೆದ ಹಂತ

ಕಳೆದ ವರ್ಷ ಅಕ್ಟೋಬರ್‌ನ ಒಂದು ಮಂಗಳವಾರ, ನಾನು ಪಾಠ ಮಾಡುವ ಎಂಜಿನಿಯರಿಂಗ್ ಕಾಲೇಜಿನ ಎಲೆಕ್ಟ್ರಿಕಲ್ ಲ್ಯಾಬಿನಲ್ಲಿ ಐದನೇ ಸೆಮಿಸ್ಟರಿನ ಸುನೀತಾಗೆ ಶಾಕ್ ಹೊಡೆಯಿತು. ಹಿಂದಕ್ಕೆ ಬಿದ್ದ ರಭಸಕ್ಕೆ ಅವಳ ಬಲ ಮಣಿಕಟ್ಟು ಮುರಿಯಿತು.

ಮೋಟರ್ ರಿಪೇರಿ ಕಲಿಸಲು ನಾನೇ ಒಂದು ಆನ್‌ಲೈನ್ ಆಟ ತಯಾರಿಸಿದ್ದೆ. ಕೆಟ್ಟ ಮೋಟರನ್ನು ಬೇಗ ಸರಿಪಡಿಸಿದವರಿಗೆ ಹೆಚ್ಚು ಅಂಕ. ಎರಡು ವಾರದಿಂದ ಸುನೀತಾಳೇ ಮೊದಲಿದ್ದಳು. ಅವಳ ತಂದೆ ಶಿವರಾಜಪ್ಪನವರದು ಹುಮನಾಬಾದದಲ್ಲಿ ಮೋಟರ್ ರಿವೈಂಡಿಂಗ್ ಅಂಗಡಿ. "ನಿಮ್ಮಪ್ಪಗ ಆರಾಮ ಕೂಡಂತ ಹೇಳವ್ವಾ, ಇನ್ನ ದುಕಾನ ನೀನೇ ನಡಸ್ತಿ" ಎಂದು ಗೆಳತಿಯರು ಕಾಡಿಸುತ್ತಿದ್ದರು.

ಅಂದು ಎದುರಿಗಿದ್ದದ್ದು ನಿಜವಾದ ಮೋಟರ್. ಆಟದಲ್ಲಿ ಮಾಡಿದಂತೆಯೇ ಅವಳು ಸ್ವಿಚ್ ಆರಿಸಿ, ಪ್ಲಗ್ ಕಿತ್ತು, ಕೆಪಾಸಿಟರಿಗೆ ಕೈ ಹಾಕಿದಳು. ಪ್ಲಗ್ ಕಿತ್ತ ಮೇಲೂ ಅದರೊಳಗೆ ವಿದ್ಯುತ್ ಉಳಿದಿರುತ್ತದೆ. ಖಾಲಿ ಮಾಡಿಯೇ ಮುಟ್ಟಬೇಕು. ನಾನು ಆಗ ಇನ್ನೊಂದು ಟೇಬಲ್ ನೋಡುತ್ತಿದ್ದೆ.

ಸಂಜೆ ಪ್ರಾಂಶುಪಾಲರಿಗೆ ವರದಿ ಬರೆದೆ: "ವಿದ್ಯಾರ್ಥಿನಿಯ ಅಜಾಗರೂಕತೆಯೇ ಕಾರಣ." ಅದನ್ನು ಕೊಟ್ಟಿದ್ದರೆ ಅವಳನ್ನು ಲ್ಯಾಬಿನಿಂದ ಹೊರಗಿಡುತ್ತಿದ್ದರು, ಒಂದು ವರ್ಷ ಹೋಗುತ್ತಿತ್ತು. ಕೊಡುವ ಮೊದಲು, ಬಸವಕಲ್ಯಾಣದ ನನ್ನ ಮನೆಗೆ ಹೋಗದೆ, ಅವಳನ್ನು ಸೇರಿಸಿದ್ದ ಹುಮನಾಬಾದದ ಆಸ್ಪತ್ರೆಗೆ ಹೋದೆ.

"ಸ್ವಿಚ್ ಬಂದ್ ಮಾಡಿದ್ದೆ ಸರ್, ಪ್ಲಗ್ಗೂ ತಗದಿದ್ದೆ. ಏನ್ ತಪ್ಪಾತು ಹೇಳ್ರಿ" ಎಂದಳು ಸುನೀತಾ.

ಹಾಸಿಗೆಯ ಪಕ್ಕ ಕೂತಿದ್ದ ಶಿವರಾಜಪ್ಪ ನನ್ನ ಕಡೆ ನೋಡಿದರು. ಕೆಪಾಸಿಟರಿಗೆ ಅಂಗಡಿಯವರು ಕಂಡೆನ್ಸರ್ ಎನ್ನುತ್ತಾರೆ. "ಕಂಡೆನ್ಸರ್ ಖಾಲಿ ಮಾಡೂದು ನಿಮ್ಮ ಆಟದಾಗ ಇಲ್ಲೇನ್ರಿ ಸರ್?"

"ಮೊದಲ ಇತ್ತರಿ. ಅದು ಖಾಲಿ ಆಗೂತನಕ ಕಾಯೂದು ಬ್ಯಾಸರ ಅಂತ ಹುಡುಗರು ಅಂದ್ರು, ತಗದೆ."

ಅವರು ಮಗಳ ಪ್ಲಾಸ್ಟರ್ ಹಾಕಿದ ಕೈ ನೋಡಿದರು. "ನಮ್ ದುಕಾನದಾಗ ಮೊದಲನೇ ಪಾಠನೇ ಅದು. ಇಂಜಿನಿಯರ್ ಆಗಾಕತ್ತಾಳ, ಕೈಗೆ ಮಸಿ ಯಾಕಂತ ನಾನೇ ಒಳಗ ಬಿಟ್ಟಿದ್ದಿಲ್ಲ."

ಬ್ಯಾಗಿನಿಂದ ವರದಿ ತೆಗೆದು ಅವರ ಕೈಗೆ ಕೊಟ್ಟೆ. ಓದಿದರು, ಮಡಚಿ ವಾಪಸ್ ಕೊಟ್ಟರು. "ಇದು ಖರೇ ಏನ್ರಿ?"

"ಅಲ್ಲರಿ."

ಮರುದಿನ ಬೇರೆ ವರದಿ ಕೊಟ್ಟೆ. ಆಟದಿಂದ ಆ ಹಂತ ತೆಗೆದವನು ನಾನು, ಲ್ಯಾಬಿನಲ್ಲೂ ಅದನ್ನು ಹೇಳಿರಲಿಲ್ಲ ಎಂದು ಬರೆದೆ. ನನಗೆ ನೋಟಿಸ್ ಬಂತು. ಆ ಸೆಮಿಸ್ಟರ್ ಮುಗಿಯುವವರೆಗೆ ಲ್ಯಾಬಿನ ಜವಾಬ್ದಾರಿ ಬೇರೆಯವರಿಗೆ ಹೋಯಿತು. ಆಟದಲ್ಲಿ ಆ ಹಂತ ಮತ್ತೆ ಇದೆ. ಅದನ್ನು ಮುಗಿಸದೆ ಯಾರಿಗೂ ಮುಂದೆ ಹೋಗಲಾಗದು.

ಸುನೀತಾ ಪ್ರಾಯೋಗಿಕ ಪರೀಕ್ಷೆ ಪಾಸಾದಳು, ಈಗ ಏಳನೇ ಸೆಮಿಸ್ಟರಿನಲ್ಲಿದ್ದಾಳೆ. ಬಲಗೈಯಲ್ಲಿ ಸ್ಕ್ರೂಡ್ರೈವರ್ ಪೂರ್ತಿ ತಿರುಗಿಸಲು ಇನ್ನೂ ಆಗುವುದಿಲ್ಲ. ಎಡಗೈಯಲ್ಲಿ ತಿರುಗಿಸುತ್ತಾಳೆ.