ಗಂಡನ ಕಿಸೆಯ ಚಾಕು

ನನ್ನ ಗಂಡನ ಎಡಗೈಯ ಮೇಲೆ, ಮೊಣಕೈಗೂ ಮಣಿಕಟ್ಟಿಗೂ ನಡುವೆ, ಕೂದಲಿಲ್ಲದ ಒಂದು ಬೋಳು ಜಾಗ ಕಾಣಿಸಿಕೊಂಡಾಗ ನಾನು ಮೊದಲು ಹುಳುಕಡ್ಡಿ ಇರಬೇಕೆಂದುಕೊಂಡೆ. ಆಮೇಲೆ ಕೂದಲುದುರಿಸುವ ಬೇರೆ ಕಾಯಿಲೆಗಳನ್ನೆಲ್ಲ ನೆನಪಿಸಿಕೊಂಡೆ. ನಾನು ಆಸ್ಪತ್ರೆಯ ತುರ್ತು ಚಿಕಿತ್ಸಾ ವಿಭಾಗದ ಡಾಕ್ಟರು. ಚರ್ಮದ ವಿಷಯದಲ್ಲಿ ನನ್ನ ತಿಳಿವಳಿಕೆ ಅಷ್ಟಕ್ಕಷ್ಟೆ. ಅವನ ಕೈ ಹಿಡಿದು ಕಿಟಕಿಯ ಬೆಳಕಿಗೆ ತಿರುಗಿಸಿ ನೋಡುತ್ತಿದ್ದರೆ ಅವನು ನಕ್ಕ.

"ರೋಗ ಅಲ್ಲ ಅದು. ಚಾಕು ಟೆಸ್ಟ್ ಮಾಡೀನಿ," ಎಂದ.

ಹರಿತವಾದ ಚಾಕು ಎಂದರೆ ಒಣ ಚರ್ಮದ ಮೇಲಿನ ಕೂದಲನ್ನು ಸದ್ದಿಲ್ಲದೆ ಬೋಳಿಸಬೇಕಂತೆ. ಇಂಟರ್ನೆಟ್ಟಿನಲ್ಲಿ ಯಾರೋ ಹೇಳಿದ್ದರು. ನನಗೆ ಸಿಟ್ಟು ಬಂತು, ಆದರೆ ಅದು ಮನೆಯ ಸಿಟ್ಟು, ಒದ್ದೆ ಟವೆಲ್ಲನ್ನು ಹಾಸಿಗೆಯ ಮೇಲೆ ಬಿಟ್ಟುಹೋದಾಗ ಬರುವಂಥದ್ದು. ಬೈದು ಮರೆತೆ.

ನಾವಿಬ್ಬರೂ ಹುಬ್ಬಳ್ಳಿಯವರು. ಅವನು ಮೆಕ್ಯಾನಿಕಲ್ ಎಂಜಿನಿಯರ್, ಕಾರಿನ ಬಿಡಿಭಾಗಗಳ ಕಂಪನಿಯೊಂದರ ಡಿಸೈನ್ ಆಫೀಸಿನಲ್ಲಿ ಕೆಲಸ. ಆಗ ನಾವಿದ್ದದ್ದು ಬರ್ಮಿಂಗ್‌ಹ್ಯಾಮಿಗೆ ಟ್ರ್ಯಾಮಿನಲ್ಲಿ ಹೋಗಿಬರಬಹುದಾದಷ್ಟು ಹತ್ತಿರದ ಒಂದು ಊರಿನಲ್ಲಿ. ಯುರೋಪಿನಿಂದ ಹೊರಗೆ ಹೋಗುತ್ತೇವೆಂದು ಈ ದೇಶ ಮತ ಹಾಕಿದ ಮೇಲಿನ ಚಳಿಗಾಲ ಅದು. ಆ ಚಳಿಗಾಲವಿಡೀ ನಮ್ಮ ಮನೆಯಲ್ಲಿ ಉಕ್ಕಿನದೇ ಮಾತು. ಇಂಗಾಲ ಹೆಚ್ಚಿದ್ದರೆ ಅಲಗು ಗಟ್ಟಿ, ಅಂಚು ಬಹಳ ದಿನ ಬಾಳುತ್ತದೆ, ಆದರೆ ಮಸೆಯುವುದು ಕಷ್ಟ, ಬಿದ್ದರೆ ಚಕ್ಕೆ ಹಾರುತ್ತದೆ. ಕ್ರೋಮಿಯಂ ಹೆಚ್ಚಿದ್ದರೆ ತುಕ್ಕು ಹಿಡಿಯುವುದಿಲ್ಲ. ಡಿ-ಟೂ ಅನ್ನುವ ಉಕ್ಕು ಅಗ್ಗ, ಗಟ್ಟಿ, ಆದರೆ ನಿಂಬೆರಸ ತಗುಲಿದರೆ ಕಲೆ. ಪುಡಿಯಿಂದ ಮಾಡಿದ ಪೌಡರ್ ಸ್ಟೀಲ್ ಎಲ್ಲಕ್ಕಿಂತ ಉತ್ತಮ, ಬೆಲೆಯೂ ಹಾಗೆಯೇ. ಇವೆಲ್ಲ ನನಗೆ ಇವತ್ತಿಗೂ ಬಾಯಿಪಾಠ ಇವೆ. ಬೇಡವೆಂದರೂ ಇವೆ.

ಒಂದು ಭಾನುವಾರ ನಾನು ರೊಟ್ಟಿ ಬಡಿಯುತ್ತಿದ್ದಾಗ ಅವನು ಲ್ಯಾಪ್‌ಟಾಪ್ ತಂದು ಅಡುಗೆಮನೆಯ ಕಟ್ಟೆಯ ಮೇಲಿಟ್ಟ. ಪರದೆಯ ಮೇಲೆ ಅಕ್ಕಪಕ್ಕ ಎರಡು ಚಾಕು.

"ಯಾವ್ದು ತೊಗೊಳ್ಲಿ? ದಿನಾ ಕಿಸೆದಾಗ ಇಟ್ಕೊಳ್ಳಾಕ."

"ದಿನಾ ಕಿಸೆದಾಗ ಯಾಕ ಬೇಕು ನಿನಗ ಚಾಕು? ಆಫೀಸಿನ್ಯಾಗ ಕುರಿ ಕೊಯ್ತೀರೇನು?"

"ಪಾರ್ಸಲ್ ಬರ್ತಾವು. ಆ್ಯಪಲ್ ಹೆಚ್ಚಬೇಕಾಗ್ತದ. ಮೂರು ಇಂಚಿನೊಳಗಿದ್ದು, ಲಾಕ್ ಇಲ್ಲದ್ದಾದ್ರ ಇಲ್ಲಿ ಕಾನೂನಿನ ಪ್ರಕಾರನ ಇಟ್ಕೋಬಹುದು."

ಅದು ನಿಜವೇ. ಮಡಚುವ ಸಣ್ಣ ಪೆನ್ ನೈಫ್ ಇಟ್ಟುಕೊಳ್ಳಲು ಈ ದೇಶದಲ್ಲಿ ಯಾರ ಅಪ್ಪಣೆಯೂ ಬೇಕಿಲ್ಲ. ಹಾಳಾಗಿ ಹೋಗು, ತುಕ್ಕು ಹಿಡಿಯದ್ದನ್ನು ತೊಗೊ ಅಂದೆ. ತೊಗೊಂಡ. ನಾಲ್ಕು ದಿನ ಅದರಲ್ಲಿ ಟೊಮೇಟೊ ಹೆಚ್ಚಿದ, ಪತ್ರಿಕೆಯನ್ನು ಗಾಳಿಯಲ್ಲಿ ಹಿಡಿದು ಸೀಳಿದ. ಆಮೇಲೆ ಅದು ಡ್ರಾಯರ್ ಸೇರಿತು. ಆದರೆ ಚಾಕುಗಳ ಕುರಿತ ಅವನ ಓದು ನಿಲ್ಲಲಿಲ್ಲ.

ನನ್ನ ಕೆಲಸ ಏನೆಂಬುದು ಅವನಿಗೆ ಗೊತ್ತಿರಲಿಲ್ಲವೆಂದಲ್ಲ. ಆ ವರ್ಷಗಳಲ್ಲಿ ನಮ್ಮ ವಿಭಾಗಕ್ಕೆ ಇರಿತದ ಗಾಯಗಳು ಬರುತ್ತಲೇ ಇದ್ದವು. ಒಂದು ಮಧ್ಯಾಹ್ನ ಶಾಲೆಯ ಸಮವಸ್ತ್ರದಲ್ಲಿದ್ದ ಹುಡುಗನೊಬ್ಬನನ್ನು ತಂದರು. ತೊಡೆಯಲ್ಲಿ ಒಂದು ಸಣ್ಣ ತೂತು, ನನ್ನ ಹೆಬ್ಬೆರಳಿನ ಉಗುರಿನಷ್ಟು ಅಗಲ. ಅದರೊಳಗೆ ನನ್ನ ಬೆರಳಿಟ್ಟು ಒತ್ತಿ ಹಿಡಿದುಕೊಂಡೇ ಆಪರೇಷನ್ ಥಿಯೇಟರಿನವರೆಗೆ ಟ್ರಾಲಿಯ ಜೊತೆ ಓಡಿದೆ. ಹುಡುಗ ಬದುಕಿದ. ಅವನ ತಾಯಿ ಕಾರಿಡಾರಿನಲ್ಲಿ ನನ್ನನ್ನು ತಡೆದು, ಕತ್ತರಿಸಿ ತೆಗೆದ ಅವನ ಪ್ಯಾಂಟು ಎಲ್ಲಿದೆ, ಅದು ಶಾಲೆಯದು, ಹೊಸದು ಎಂದು ಕೇಳಿದಳು. ಆಕೆಗೆ ಆ ಹೊತ್ತಿಗೆ ಕೇಳಲು ತೋಚಿದ್ದು ಅದೊಂದೇ. ನಾನು ಮನೆಗೆ ಬಂದು ಕೋಟು ಬಿಚ್ಚುವಷ್ಟರಲ್ಲಿ ಗಂಡ ಕೇಳಿದ, "ಟೈಟೇನಿಯಂ ಹಿಡಿ ಚೊಲೊನೋ, ಅಲ್ಯೂಮಿನಿಯಂನೋ?"

ಕೈಯಲ್ಲಿದ್ದ ಟಿಫಿನ್ ಡಬ್ಬಿಯನ್ನು ಸಿಂಕಿಗೆ ಎಸೆದೆ. ಮುಚ್ಚಳ ಹಾರಿ ಗೋಡೆಗೆ ಬಡಿಯಿತು.

"ಇಷ್ಟು ವರ್ಷ ಗಾಯ ಹೊಲಿದೀನಿ. ಒಂದ ಗಾಯನೂ ನನಗ ನಾ ಇಂಥಾ ಸ್ಟೀಲಿಂದ ಆಗೀನಿ ಅಂತ ಹೇಳಿಲ್ಲ. ಇನ್ನೊಮ್ಮಿ ನನ್ನ ಮುಂದ ಈ ಮಾತು ತೆಗೀಬ್ಯಾಡ."

ಅವನು ತೆಗೆಯಲಿಲ್ಲ. ಮಾತು ನಿಂತಿತೆಂದರೆ ವಿಷಯವೂ ಮುಗಿಯಿತೆಂದು ನಾನು ನಂಬಿದೆ. ಫೆಬ್ರವರಿಯಲ್ಲಿ ಅವನ ಮೇಜಿನ ಮೇಲೆ ಕಪ್ಪು ಬಣ್ಣದ, ತೆಳ್ಳಗಿನ ಒಂದು ವಸ್ತು ಕಂಡೆ. ಪೆನ್ನಿನ ಡಬ್ಬಿಯೆಂದು ಎತ್ತಿಕೊಂಡೆ. ಪಕ್ಕದಲ್ಲೊಂದು ಗುಂಡಿ. ಒತ್ತಿದೆ. ಚಟ್ ಎಂದು ಅಲಗು ಹೊರಗೆ ಹಾರಿತು. ಹಿಡಿ ನನ್ನ ಅಂಗೈಯಲ್ಲಿ ಒದೆದ ಹಾಗಾಯಿತು.

ಅಮೆರಿಕಕ್ಕೆ ಹೋಗಿದ್ದ ಸಹೋದ್ಯೋಗಿಯೊಬ್ಬ ಸೂಟ್‌ಕೇಸಿನಲ್ಲಿ ತಂದುಕೊಟ್ಟಿದ್ದನಂತೆ. ಇಂಥ ಚಾಕುವನ್ನು ಇಲ್ಲಿ ಮಾರುವ ಹಾಗಿಲ್ಲ, ಯಾರಿಗೂ ಕೊಡುವ ಹಾಗಿಲ್ಲ, ಹೊರಗಿನಿಂದ ತರುವ ಹಾಗಿಲ್ಲ. ಕಿಸೆಯಲ್ಲಿಟ್ಟುಕೊಂಡು ರಸ್ತೆಗಿಳಿದರೆ ಜೈಲು. ಇದೆಲ್ಲ ನನಗಿಂತ ಚೆನ್ನಾಗಿ ಅವನಿಗೇ ಗೊತ್ತಿತ್ತು, ಏಕೆಂದರೆ ಓದಿದ್ದ.

"ಮನ್ಯಾಗ ಇರ್ತದ ಅಷ್ಟ. ಮೆಕ್ಯಾನಿಸಂ ನೋಡು, ಎಷ್ಟು ಛಂದ ಐತಿ. ಒಂದ ಕೈಲೆ ತೆಗೀಬಹುದು," ಎಂದ.

"ಇನ್ನೊಂದು ಕೈಲೆ ಏನ್ ಮಾಡಾಂವ ನೀ?"

ಅವನು ಚಾಕುವನ್ನು ನನ್ನ ಕೈಯಿಂದ ತೆಗೆದುಕೊಂಡ. ಅಲಗನ್ನು ಮಡಚಿ, ಮೆತ್ತನೆಯ ಬಟ್ಟೆಯಲ್ಲಿ ಸುತ್ತಿ, ಕಪಾಟಿನ ಮೇಲಿನ ಅರೆಯಲ್ಲಿಟ್ಟ. ನಾನು ನಾಲ್ಕು ದಿನ ಅವನ ಜೊತೆ ಮಾತಾಡಲಿಲ್ಲ. ಐದನೆಯ ದಿನ ನನ್ನ ಡ್ಯೂಟಿಯ ರೋಟಾ ಬದಲಾಗಿ, ಅವನೇ ಅಡುಗೆ ಮಾಡಿ ಬಡಿಸಿದ್ದರಿಂದ ಮಾತಾಡಬೇಕಾಯಿತು.

ಏಪ್ರಿಲ್‌ನ ಒಂದು ಶನಿವಾರ ಬರ್ಮಿಂಗ್‌ಹ್ಯಾಮಿನ ಎಜ್‌ಬಾಸ್ಟನ್ನಿನಲ್ಲಿ ನನ್ನ ಗೆಳತಿಯ ಮಗುವಿನ ನಾಮಕರಣವಿತ್ತು. ಬಿಸಿಲು ಬಿದ್ದಿತ್ತು. ನಾನು ಇಳಕಲ್ ಸೀರೆ ಉಟ್ಟು ಮೇಲೊಂದು ಕೋಟು ಹಾಕಿಕೊಂಡಿದ್ದೆ. ಅವನು ಬ್ಲೇಜರ್ ಹಾಕಿದ್ದ. ಟ್ರ್ಯಾಮಿನಲ್ಲಿ ಹೋಗೋಣವೆಂದು ನಿಲ್ದಾಣಕ್ಕೆ ನಡೆದುಕೊಂಡು ಬಂದರೆ ಒಳಗೆ ಹೋಗುವ ದಾರಿಯಲ್ಲಿ ಪೊಲೀಸರು ಲೋಹಶೋಧಕ ಬಾಗಿಲೊಂದನ್ನು ನಿಲ್ಲಿಸಿದ್ದರು, ವಿಮಾನ ನಿಲ್ದಾಣದಲ್ಲಿ ಇರುತ್ತದಲ್ಲ ಅಂಥದ್ದು. ಚಾಕು ಹುಡುಕುವ ತಪಾಸಣೆ. ಜನ ಸಾಲಾಗಿ ನಿಂತಿದ್ದರು.

ನನ್ನ ಗಂಡ ನನ್ನ ತೋಳು ಹಿಡಿದ.

"ಬಸ್ಸಿಗೆ ಹೋಗೂಣು ನಡಿ."

"ಯಾಕ?"

"ಬಸ್ಸಿಗೆ ಹೋಗೂಣು."

ಅವನ ಮುಖ ನೋಡಿದೆ. ಬಲಗೈ ಬ್ಲೇಜರಿನ ಕಿಸೆಯ ಮೇಲಿತ್ತು. ನಾಮಕರಣಕ್ಕೆ ಹೊರಟ ಮನುಷ್ಯ, ಇನ್ನೊಂದು ಕೈಯಲ್ಲಿ ಮಗುವಿಗೆಂದು ಬೆಳ್ಳಿಯ ಬಟ್ಟಲಿದ್ದ ಚೀಲ.  ತಿರುಗಿ ನಡೆದರೆ ಅನುಮಾನ ಬರುತ್ತದೆ, ನಿಂತರೆ ಸಾಲು ಮುಂದೆ ಹೋಗುತ್ತದೆ. ಏನು ಮಾಡಬೇಕೆಂದು ತಿಳಿಯದೆ ನಿಂತಿದ್ದಾಗ ಪೊಲೀಸಿನವನೊಬ್ಬ ನಮ್ಮನ್ನು ನೋಡಿದ. ನನ್ನ ಸೀರೆಯನ್ನು, ಮುಡಿದ ಹೂವನ್ನು, ಚೀಲವನ್ನು ನೋಡಿದ. ನಕ್ಕು ಕೈ ಬೀಸಿದ.

"ಯು ಆರ್ ಆಲ್‌ರೈಟ್, ಲವ್. ಈ ಕಡೆಯಿಂದ ಹೋಗಿ," ಎಂದು ಇಲ್ಲಿಯವರ ಸಲಿಗೆಯ ಮಾತಿನಲ್ಲಿ ಹೇಳಿ ಪಕ್ಕದ ಸಂದನ್ನು ತೋರಿಸಿದ.

ಹೋದೆವು. ಬಾಗಿಲಿನ ಆಚೆ ಇಬ್ಬರು ಕಪ್ಪು ಹುಡುಗರನ್ನು ಗೋಡೆಯ ಬಳಿ ನಿಲ್ಲಿಸಿ ಕಿಸೆ ಖಾಲಿ ಮಾಡಿಸುತ್ತಿದ್ದರು. ಒಬ್ಬನ ಕಿಸೆಯಿಂದ ಬಾಚಣಿಗೆ ಬಂತು, ಅರ್ಧ ತಿಂದ ಚಾಕೊಲೇಟ್ ಬಂತು, ಬೀಗದ ಕೈ ಬಂತು. ಅವನು ಸುಮ್ಮನೆ ಕೈ ಮೇಲೆತ್ತಿ ನಿಂತಿದ್ದ, ಅಭ್ಯಾಸವಿದ್ದವನ ಹಾಗೆ. ಪೌಡರ್ ಸ್ಟೀಲಿನ ಆ ಗುಂಡಿಯ ಚಾಕುವನ್ನು ಬ್ಲೇಜರಿನಲ್ಲಿಟ್ಟುಕೊಂಡ ನನ್ನ ಗಂಡ ಅವನ ಮುಂದೆಯೇ ಹಾದು ಟ್ರ್ಯಾಮ್ ಹತ್ತಿದ. ಅವನ ಹಿಂದೆ ನಾನೂ ಹತ್ತಿದೆ.

 ನಾಮಕರಣದ ಮನೆಯಲ್ಲಿ ನಗುತ್ತಾ ತೊಟ್ಟಿಲು ತೂಗಿದೆ, ಹೋಳಿಗೆ ತಿಂದೆ, ಬೆಂಗಳೂರು ಕನ್ನಡದಲ್ಲಿ ಎಲ್ಲರ ಯೋಗಕ್ಷೇಮ ಕೇಳಿದೆ. ಗೆಳತಿಯ ಅತ್ತೆ, "ಏನಮ್ಮಾ, ಮುಖ ಯಾಕೋ ಕೆಂಪಗಿದೆ," ಎಂದರು. ಬಿಸಿಲಿಗೆ ಎಂದೆ. ಸಂಜೆ ಮನೆಗೆ ಬಂದು ಬಾಗಿಲು ಹಾಕಿದ ಮೇಲೆ ಕೈ ಚಾಚಿದೆ. ಅವನು ಚಾಕು ತೆಗೆದು ನನ್ನ ಕೈಯಲ್ಲಿಟ್ಟ.

"ಎಷ್ಟ್ ದಿನದಿಂದ ತೊಗೊಂಡು ತಿರುಗಾಕತ್ತಿ?"

"ಬಂದಾಗಿಂದ."

"ಯಾಕ?"

ಅವನು ಸೋಫಾದ ಮೇಲೆ ಕೂತ, ಬೂಟು ಕೂಡ ಬಿಚ್ಚದೆ. ಆಮೇಲೆ ಹೇಳಿದ.

ಮತದಾನವಾದ ವಾರ ಆಫೀಸಿನಿಂದ ಬರುವಾಗ ಅಲ್ಲಿಯ ಟ್ರ್ಯಾಮ್ ನಿಲ್ದಾಣದಲ್ಲಿ ಒಬ್ಬ ಅವನ ಮುಂದೆ ಬಂದು ನಿಂತನಂತೆ. ಎತ್ತರದವನು, ಕೆಂಚು ಗಡ್ಡ. ನಾವು ಗೆದ್ದಾಯಿತು, ಇನ್ನೂ ಯಾಕೆ ಇಲ್ಲಿದ್ದೀಯ ಎಂದನಂತೆ. ನನ್ನ ಗಂಡ ಪಕ್ಕಕ್ಕೆ ಸರಿದ. ಅವನು ಶರ್ಟಿನ ಕಾಲರ್ ಹಿಡಿದು ತಳ್ಳಿದ. ಇವನು ಕೈಯೂರಿ ಬಿದ್ದ, ಮಣಿಕಟ್ಟು ಉಳುಕಿತು. ಪ್ಲಾಟ್‌ಫಾರ್ಮ್ ತುಂಬ ಜನ. ಒಬ್ಬರೂ ಮಾತಾಡಲಿಲ್ಲ. ಬಿದ್ದವನ ಮೇಲೆ ಉಗುಳಿ ಆ ಮನುಷ್ಯ ನಡೆದುಹೋದ, ಓಡಲೂ ಇಲ್ಲ.

ಆ ಮಣಿಕಟ್ಟಿಗೆ ಬ್ಯಾಂಡೇಜ್ ಸುತ್ತಿದವಳು ನಾನೇ. ಮಳೆಗೆ ಮೆಟ್ಟಿಲು ಜಾರಿದೆ ಎಂದಿದ್ದ. ದಿನಕ್ಕೆ ಹತ್ತಾರು ಜನರ ಗಾಯ ನೋಡಿ ಇದು ಬಿದ್ದದ್ದೋ ಯಾರೋ ಬಡಿದದ್ದೋ ಎಂದು ಕೇಳುವ ನಾನು, ಮನೆಯಲ್ಲಿ ಕೇಳಿರಲಿಲ್ಲ. ಶರ್ಟನ್ನು ಅವನೇ ಒಗೆದು ಒಣಹಾಕಿದ್ದನ್ನು ನೋಡಿ ಗಂಡ ಸುಧಾರಿಸಿದನೆಂದು ಸಂತೋಷಪಟ್ಟಿದ್ದೆ.

"ನನಗ ಯಾಕ ಹೇಳಲಿಲ್ಲ?"

"ಏನಂತ ಹೇಳ್ಲಿ? ಒಬ್ಬಾಂವ ಉಗುಳಿದ, ನಾ ಒರಸ್ಕೊಂಡು ಬಂದೆ ಅಂತ ಹೇಳ್ಲೇನು?"

"ಮತ್ತ ಇದಿತ್ತಂದ್ರ ಏನ್ ಮಾಡ್ತಿದ್ದಿ? ಚುಚ್ಚತಿದ್ದೇನು ಅವಗ?"

"ಇಲ್ಲ."

"ಮತ್ತ?"

"ಏನಿಲ್ಲ. ಕಿಸೆದಾಗ ಇದ್ರ, ನಿಂತ್ಕೊಳ್ಳಾಕ ಬರ್ತಿತ್ತು."

ನಾನು ಕೂಗಾಡಿದೆ. ಹೀಗೆ ಕಿಸೆಯಲ್ಲಿಟ್ಟುಕೊಂಡರೆ ನಿಂತುಕೊಳ್ಳಲು ಬರುತ್ತದೆ ಎಂದುಕೊಂಡವರೇ ನನ್ನ ಟ್ರಾಲಿಯ ಮೇಲೆ ಮಲಗಿರುವುದು ಎಂದೆ. ಹೆದರಿದವನ ಕೈಯಿಂದ ಚಾಕು ಕಿತ್ತುಕೊಳ್ಳಲು ಎಷ್ಟು ಹೊತ್ತು ಬೇಕು, ಆಮೇಲೆ ಅದು ಎಲ್ಲಿ ಹೋಗುತ್ತದೆ ಎಂದು ಅವನ ಮೈಮೇಲೆಯೇ ಬೆರಳಿಟ್ಟು ತೋರಿಸಿದೆ: ಇಲ್ಲಿ, ಇಲ್ಲಿ, ಇಲ್ಲಿ. ಪೊಲೀಸರಿಗೆ ಹೇಳೋಣ ನಡಿ ಎಂದೆ. ಇಷ್ಟು ತಿಂಗಳಾದ ಮೇಲೆ ಏನೆಂದು ಹೇಳುವುದು, ಬೇಡ, ಎಂದ. ಅದಕ್ಕೂ ಬೈದೆ.  ಬೈಯುತ್ತ ಬೈಯುತ್ತ ನನಗೆ ಗೊತ್ತಾಯಿತು, ನಾನು ಬೈಯಬೇಕಾಗಿದ್ದವನು ಈ ಕೋಣೆಯಲ್ಲಿ ಇಲ್ಲ ಎಂದು. ಆದರೂ ನಿಲ್ಲಿಸಲಿಲ್ಲ. ಸಿಕ್ಕವನು ಇವನೊಬ್ಬನೇ.

ಮರುದಿನ ಬೆಳಿಗ್ಗೆ ಕಾರಿನಲ್ಲಿ ಹೊರಟೆವು. ಊರಿನಾಚೆ ಒಂದು ಕಡೆ ಬೇಡದ ಚಾಕುಗಳನ್ನು ಜನ ತಂದು ಹಾಕುವ ಪೆಟ್ಟಿಗೆ ಇತ್ತು, ಅಂಚೆ ಡಬ್ಬಿಯಂಥದ್ದು, ದಪ್ಪ ಕಬ್ಬಿಣದ್ದು. ಯಾರು ಬೇಕಾದರೂ ಹಾಕಬಹುದು, ಯಾರೂ ಕೇಳುವುದಿಲ್ಲ. ಅಲ್ಲಿಗೆ ಹೋಗುವವರೆಗೆ ಚಾಕು ನನ್ನ ಕೈಚೀಲದಲ್ಲಿತ್ತು, ಟೀ ಟವೆಲ್ಲಿನಲ್ಲಿ ಸುತ್ತಿ. ಆಸ್ಪತ್ರೆಯ ಗುರುತಿನ ಚೀಟಿಯ ಪಕ್ಕದಲ್ಲೇ ಅದು ಕೂತಿದ್ದು ನೋಡಿ ಮತ್ತೆ ಮೈ ಉರಿಯಿತು.

ಪೆಟ್ಟಿಗೆಯ ಮುಂದೆ ಅವನಿಗೆ ಕೊಟ್ಟೆ. ಅವನು ಬಟ್ಟೆ ಬಿಚ್ಚಿ, ಗುಂಡಿ ಒತ್ತದೆ, ಹಿಡಿಯನ್ನು ಟವೆಲ್ಲಿನ ತುದಿಯಿಂದ ಎರಡೂ ಕಡೆ ಒರೆಸಿದ.

"ಏನ್ ಮಾಡಾಕತ್ತಿ?"

"ಕೈ ಬೆವತಿತ್ತು. ಕಲೆ ಬೀಳ್ತದ."

"ಕರಗಿಸ್ತಾರ ಅದನ್ನ."

"ಗೊತ್ತೈತಿ."

ಸಂದಿಗೆ ಹಾಕಿದ. ಒಳಗೆ ಬೇರೆ ಲೋಹಗಳ ಮೇಲೆ ಬಿದ್ದ ಸದ್ದು ಕೇಳಿತು. ಎಷ್ಟು ಮನೆಗಳ ಚಾಕುಗಳೋ ಅದರೊಳಗೆ.

ಆಮೇಲಿನ ವಾರಗಳಲ್ಲಿ, ರೋಟಾದಲ್ಲಿ ನನಗೆ ರಜೆ ಇದ್ದ ದಿನ, ಸಂಜೆ ಅವನು ಬರುವ ಹೊತ್ತಿಗೆ ನಾನು ನಮ್ಮ ನಿಲ್ದಾಣಕ್ಕೆ ಹೋಗತೊಡಗಿದೆ. ಬರಬೇಡ ಎಂದ. ಹೋದೆ. ಕೆಲವೊಮ್ಮೆ ಅವನ ಆಫೀಸಿನ ಕಡೆಯ ನಿಲ್ದಾಣಕ್ಕೇ ಹೋಗಿ, ಅವನ ಪಕ್ಕದಲ್ಲಿ ನಿಂತು ಟ್ರ್ಯಾಮಿಗೆ ಕಾಯುತ್ತಿದ್ದೆ. ಕೆಲಸ ಬಿಟ್ಟು ಬಂದವರು, ಶಾಪಿಂಗ್ ಚೀಲದವರು, ತಳ್ಳುಗಾಡಿಯಲ್ಲಿ ಮಗುವಿಟ್ಟುಕೊಂಡವರು. ಆವತ್ತು ನೋಡುತ್ತ ನಿಂತವರು ಇವರಲ್ಲಿ ಯಾರು ಎಂದು ಒಬ್ಬೊಬ್ಬರ ಮುಖವನ್ನೂ ದಿಟ್ಟಿಸುತ್ತಿದ್ದೆ. ಒಂದು ದಿನ ಎತ್ತರದ, ಕೆಂಚು ಗಡ್ಡದ ಒಬ್ಬ ಬಂದು ನಮ್ಮಿಂದ ನಾಲ್ಕು ಮಾರು ದೂರದಲ್ಲಿ ನಿಂತ. ಕೋಟಿನ ಕಿಸೆಯಲ್ಲಿ ನನ್ನ ಮುಷ್ಟಿ ತಾನಾಗಿಯೇ ಬಿಗಿಯಿತು. ಅವನು ನನ್ನನ್ನು ನೋಡಿ, ಏನೂ ಅರ್ಥವಾಗದೆ, ಫೋನಿನ ಕಡೆ ತಲೆ ತಗ್ಗಿಸಿದ.

"ಅಂವ ಅಲ್ಲ," ಎಂದ ನನ್ನ ಗಂಡ ಮೆಲ್ಲಗೆ. "ಹಂಗ ನೋಡಬ್ಯಾಡ ಮಂದೀನ."

ನೋಡುವುದನ್ನು ನಾನು ಬಿಡಲಿಲ್ಲ. ಟ್ರ್ಯಾಮ್ ಬಂತು. ಗಂಡ ನನ್ನ ಬೆನ್ನಿಗೆ ಕೈಯಿಟ್ಟು ಒಳಗೆ ಹತ್ತಿಸಿದ.